ಹೂವಿನ ಜಾತ್ರೆಗೆ ಟಿಕೆಟ್, ಗಿಡದ ಮಾತಿಗೆ ಬೀಗ

ನಮ್ಮಲ್ಲಿ ಸಸ್ಯೋದ್ಯಾನಗಳನ್ನು ನಡೆಸುವವರು, ಅವುಗಳಿಗೆ ಅನುದಾನ ಕೊಡುವವರು, ಅವುಗಳ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ಎಲ್ಲರೂ ಒಂದು ಮಾತಿಗೆ ಒಕ್ಕೊರಲಿನ ಒಪ್ಪಿಗೆ ಕೊಟ್ಟು ನೆಮ್ಮದಿಯಾಗಿದ್ದಾರೆ: ಜನ ಬರುವುದು ನೋಡುವುದಕ್ಕೆ. ಬಣ್ಣ ಕೊಡಿ, ನೆರಳು ಕೊಡಿ, ಕೂರಲು ಕಲ್ಲುಬೆಂಚು ಕೊಡಿ, ಸೆಲ್ಫಿಗೊಂದು ಮೂಲೆ ಕೊಡಿ, ಸಾಕು. ಗಿಡದ ವಿಚಾರ ಯಾರಿಗೆ ಬೇಕು? ಈ ಮಾತು ಎಷ್ಟು ಸಲೀಸಾಗಿ ಚಲಾವಣೆಯಲ್ಲಿದೆಯೆಂದರೆ ಅದರ ಒಳಗಿರುವ ತಿರಸ್ಕಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲ್ನೋಟಕ್ಕೆ ಜನಪರವಾಗಿ ಕಾಣುವ ಈ ನಿಲುವಿನ ತಿರುಳು, ಜನ ದಡ್ಡರು ಎಂಬುದೇ.

ಬೆಂಗಳೂರಿನ ಲಾಲ್‌ಬಾಗನ್ನೇ ನೋಡಿ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಈಗ 240 ಎಕರೆ. ಒಳಗೆ 300 ಕೋಟಿ ವರ್ಷ ಹಳೆಯದಾದ ಬಂಡೆಯಿದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಂಥ ಜಾಗ ವರ್ಷಕ್ಕೆರಡು ಸಲ, ಜನವರಿಯಲ್ಲೊಮ್ಮೆ ಆಗಸ್ಟ್‌ನಲ್ಲೊಮ್ಮೆ, ಸುದ್ದಿಯಾಗುತ್ತದೆ. ಯಾಕೆ? ಗಾಜಿನ ಮನೆಯೊಳಗೆ ಗುಲಾಬಿ, ಸೇವಂತಿಗೆ ಚುಚ್ಚಿ ಯಾವುದೋ ಕಟ್ಟಡದ ಪ್ರತಿಕೃತಿ ನಿಲ್ಲಿಸಿದ್ದಾರೆ ಎಂದು. ಕೊಯ್ದ ಹೂವಿನಲ್ಲಿ ಕಟ್ಟಿದ ಗೋಪುರಕ್ಕೂ ಸಸ್ಯಶಾಸ್ತ್ರಕ್ಕೂ ಏನು ಸಂಬಂಧ? ಲಕ್ಷಾಂತರ ಮಂದಿ ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು, ಹಗ್ಗದ ಆಚೆಯಿಂದ ಅದನ್ನು ನೋಡಿ, ಹಿಂದಿನವರು ನೂಕಿದಂತೆ ಮುಂದೆ ಸಾಗಿ ಹೊರಬರುತ್ತಾರೆ. ಹೊರಬಂದವರಲ್ಲಿ ಒಬ್ಬರಾದರೂ ತಮ್ಮ ಬೀದಿಯ ಒಂದು ಮರವನ್ನು ಒಳಗೆ ಹೋಗುವಾಗಿನದಕ್ಕಿಂತ ಹೆಚ್ಚು ಬಲ್ಲವರಾಗಿರುತ್ತಾರೆಯೇ? ಅದನ್ನು ಲೆಕ್ಕ ಹಾಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಲೆಕ್ಕಕ್ಕೆ ಬರುವುದು ಗೇಟಿನಲ್ಲಿ ಎಷ್ಟು ಕಲೆಕ್ಷನ್ ಆಯಿತು ಎಂಬುದು.

ಇನ್ನು ಯಾವುದಾದರೂ ಊರಿನ ಉದ್ಯಾನಕ್ಕೆ ಹೋಗಿ, ಹಳೆಯ ಮರವೊಂದಕ್ಕೆ ಬಡಿದಿರುವ ತಗಡಿನ ಮುಂದೆ ಎರಡು ನಿಮಿಷ ನಿಲ್ಲಿ. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ. ಮೇಲ್ಗಡೆ ಲ್ಯಾಟಿನ್ ಹೆಸರು, ಅದರಡಿ ಕುಟುಂಬ, ಅದರಡಿ ತವರು: ಬ್ರೆಜಿಲ್, ಮಡಗಾಸ್ಕರ್, ಮಧ್ಯ ಅಮೆರಿಕ. ಮೊಳೆಯ ಸುತ್ತ ತೊಗಟೆ ಉಬ್ಬಿ ತಗಡಿನ ಅಂಚನ್ನು ನುಂಗಿದೆ; ಕುಟುಂಬದ ಮೊದಲೆರಡು ಅಕ್ಷರ ಆಗಲೇ ಮರದೊಳಗೆ ಸೇರಿಹೋಗಿವೆ. ಈ ಮರ ಯಾವಾಗ ಹೂ ಬಿಡುತ್ತದೆ, ಇದರ ಕಾಯಿಯನ್ನು ಯಾವ ಹಕ್ಕಿ ತಿನ್ನುತ್ತದೆ, ಇದನ್ನು ತಂದು ನೆಟ್ಟವರು ಯಾರು, ಇದಕ್ಕೆ ಮೊದಲು ಇಲ್ಲಿ ಏನಿತ್ತು? ತಗಡಿಗೆ ಗೊತ್ತಿಲ್ಲ. ಅದೇ ಮರಕ್ಕೆ ನೀರು ಹಾಯಿಸಿ, ಒಣಗಿದ ಕೊಂಬೆ ಸವರಿ ಸಂಬಳ ತೆಗೆದುಕೊಳ್ಳುವ ಮಾಲಿಗೆ ಇದೆಲ್ಲ ಗೊತ್ತು. ಅವನನ್ನು ಕೇಳುವವರಿಲ್ಲ. ಕೇಳಿದರೂ ಅವನು ಅತ್ತಿತ್ತ ನೋಡಿ, "ಸಾಹೇಬ್ರನ್ನ ಕೇಳಿ ಸಾರ್" ಅನ್ನುತ್ತಾನೆ. ಮಾತಾಡುವುದು ಅವನ ಕೆಲಸದ ಪಟ್ಟಿಯಲ್ಲಿ ಇಲ್ಲ.

ಜನರಿಗೆ ಆಸಕ್ತಿ ಇಲ್ಲವಂತೆ. ಯಾವ ಜನರಿಗೆ? ಭೂಮಿ ಹುಣ್ಣಿಮೆಯ ದಿನ ನಸುಕಿಗೇ ಎದ್ದು, ಹಲವು ಬಗೆಯ ಸೊಪ್ಪು ಸೇರಿಸಿ ಬೇಯಿಸಿದ ಹಚ್ಚಂಬಲಿಯನ್ನು ಗದ್ದೆಗೆ ಬೀರುವ ಮಲೆನಾಡಿನವರಿಗೇ? ಚೌತಿಗೆ ಕಾಡು ಅಲೆದು ಕಾಯಿ, ಹಣ್ಣು, ಹೂ ತಂದು ಗಣಪತಿಯ ಮೇಲೆ ಫಲಾವಳಿ ಕಟ್ಟುವ ಉತ್ತರ ಕನ್ನಡದವರಿಗೇ? ಮಳೆ ಬಿದ್ದ ವಾರಕ್ಕೆ ಹೊಲದ ಬದುವಿನಲ್ಲಿ ಬಗ್ಗಿ ಅಣ್ಣೆ, ಗಣಿಕೆ, ಹೊನಗೊನೆ ಎಂದು ಬೇರೆಬೇರೆಯಾಗಿ ಗುರುತಿಸಿ, ಯಾವುದರ ಚಿಗುರು ಮಾತ್ರ ಚಿವುಟಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ತಿಳಿದು ಬೆರಕೆ ಸೊಪ್ಪಿನ ಸಾರು ಮಾಡುವ ಹಳೆ ಮೈಸೂರು ಸೀಮೆಯ ಹೆಂಗಸರಿಗೇ? ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಾಡುಮೇಡು ಸುತ್ತಿಸಿ ಗಿಡ ತೋರಿಸಿದ ಕಥನವೇ 'ಹಸಿರು ಹೊನ್ನು'. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಮೇಷ್ಟ್ರು ಬರೆದ ಪುಸ್ತಕವನ್ನು ಬಿದ್ದುಬಿದ್ದು ನಗುತ್ತ ಓದಿದ ನಾಡು ಇದು. ಇಲ್ಲಿನವರಿಗೆ ಗಿಡದ ಮಾತು ಬೇಡವೆಂದು ತೀರ್ಪು ಕೊಟ್ಟವರು ಯಾವ ಪುರಾವೆಯ ಮೇಲೆ ಕೊಟ್ಟರು?

ತೀರ್ಪು ಕೊಟ್ಟಿದ್ದೂ ಅಲ್ಲದೆ, ಪರಿಹಾರವೆಂದು ಒಂದು ಪ್ರಹಸನವನ್ನೂ ಕೊಟ್ಟಿದ್ದಾರೆ. ಜೂನ್ 5, ವಿಶ್ವ ಪರಿಸರ ದಿನ. ಗುಂಡಿ ಮೊದಲೇ ತೋಡಿರುತ್ತದೆ, ಎಷ್ಟೋ ಕಡೆ ಹೋದ ವರ್ಷದ್ದೇ ಗುಂಡಿ. ಪಕ್ಕದಲ್ಲಿ ಹೊಸ ಸನಿಕೆ, ಹಿಡಿಗೆ ರಿಬ್ಬನ್. ಅತಿಥಿಗಳು ಸಸಿಯ ಕತ್ತು ಹಿಡಿದು ಕ್ಯಾಮೆರಾ ಕಡೆ ನೋಡುತ್ತಾರೆ. ಅವರ ಹಿಂದೆ ಹನ್ನೆರಡು ಕೈ ಆ ಹನ್ನೆರಡು ಎಲೆಯ ಸಸಿಯನ್ನು ಮುಟ್ಟಲು ಚಾಚಿಕೊಂಡಿರುತ್ತವೆ. ಕಪ್ಪು ಪ್ಲಾಸ್ಟಿಕ್ ಕವರು ಬಿಚ್ಚದೆಯೇ ಸಸಿ ಗುಂಡಿಗಿಳಿದರೂ ಕೇಳುವವರಿಲ್ಲ; ಅಷ್ಟರಲ್ಲಿ ಉಪ್ಪಿಟ್ಟು ಆರುತ್ತಿರುತ್ತದೆ. ಒಂದು ಸಲ ಶ್ರೀಗಂಧ ನೆಡುತ್ತಾರೆ, ನಾಡಿನ ಹೆಮ್ಮೆ ಎಂದು. ಶ್ರೀಗಂಧ ಅರೆ ಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ತಾಗಿಸಿ ಆಹಾರ ಹೀರಿ ಬೆಳೆಯುವಂಥದ್ದು. ಅದಕ್ಕೆಂದೇ ರೈತರು ಅದರ ಬುಡದಲ್ಲಿ ತೊಗರಿ ಬಿತ್ತುತ್ತಾರೆ. ಬಟಾಬಯಲಿನಲ್ಲಿ ಅದನ್ನು ಒಂಟಿಯಾಗಿ ನೆಟ್ಟು, ಸುತ್ತ ಕಬ್ಬಿಣದ ಜಾಲರಿ ಕಟ್ಟಿ, ಜಾಲರಿಗೆ ದಾನಿಗಳ ಹೆಸರು ಬರೆಸಿ ಹೋದವರಿಗೆ ಈ ಒಂದು ವಾಕ್ಯ ಹೇಳುವವರು ಸಭೆಯಲ್ಲಿ ಯಾರೂ ಇರಲಿಲ್ಲವೇ? ಇದ್ದ. ಹಿಂದೆ ನೀರಿನ ಕೊಡ ಹಿಡಿದು ನಿಂತಿದ್ದ.

ಈ ಪ್ರಹಸನದ ಅಡಿಯಲ್ಲಿರುವ ಸಿದ್ಧಾಂತ, ಹಸಿರಾಗಿದ್ದರೆ ಸಾಕು ಎಂಬುದು. ನೋಡುಗರಿಗೆ ಬಣ್ಣ ಬೇಕೆಂದು ಮೊದಲೇ ತೀರ್ಮಾನಿಸಿದ ಮೇಲೆ ಗಿಡ ಯಾವುದಾದರೇನು? ಕಣ್ಣಿಗೆ ತಂಪಾದರೆ ಆಯಿತು. ಬೆಂಗಳೂರಿಗೆ ಒಂದರ ಹಿಂದೊಂದರಂತೆ ಅರಳುವ ಸಾಲುಮರಗಳ ಯೋಜನೆ ಕೊಟ್ಟ ಕೃಂಬಿಗಲ್ ಅವರ ಕಣ್ಣು ದೊಡ್ಡದು, ಒಪ್ಪೋಣ. ಆ ಒಬ್ಬ ಮನುಷ್ಯನ ಅಭಿರುಚಿಯನ್ನು ಆಮೇಲಿನವರು ಪ್ರಶ್ನಿಸಬಾರದ ಶಾಸ್ತ್ರ ಮಾಡಿಕೊಂಡರು. ಟಬೂಬಿಯಾ ಅರಳಿದರೆ ಪತ್ರಿಕೆಗಳಿಗೆ ಮುಖಪುಟದ ಚಿತ್ರ. ಅದೇ ಹೊತ್ತಿಗೆ ಊರಾಚೆ ಎಲೆಯುದುರಿಸಿ ಮೈಯೆಲ್ಲ ಕೆಂಪಾಗಿ ನಿಂತ ಮುತ್ತುಗಕ್ಕೆ, ಅದರ ತುಂಬ ಕಿತ್ತಾಡುವ ಗೊರವಂಕಗಳಿಗೆ, ಸೂರಕ್ಕಿಗಳಿಗೆ ಒಳಪುಟದಲ್ಲೂ ಜಾಗವಿಲ್ಲ. ಸ್ಥಳೀಯ ಗಿಡ ಚಂದ ಕಾಣುವುದಿಲ್ಲ ಎನ್ನುವವರು ಮುತ್ತುಗ, ಬೂರುಗ, ಹಾಲವಾಣ, ಕಕ್ಕೆಗಳನ್ನು ಹೂ ಬಿಟ್ಟಾಗ ನೋಡಿದ್ದಾರೆಯೇ? ಅಥವಾ ಕಾರಿನ ಗಾಜಿನಿಂದ ಆಚೆಗೆ ನೋಡುವ ಅಭ್ಯಾಸವೇ ಇಲ್ಲವೇ?

ಚಂದದ ಹೆಸರಿನಲ್ಲಿ ನಾವು ತೆತ್ತಿರುವ ಬೆಲೆ ಸಣ್ಣದಲ್ಲ. ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಈ ದೇಶಕ್ಕೆ ಕರೆತಂದದ್ದು ಕಾಡಿನವರಲ್ಲ, ಕಲ್ಕತ್ತೆಯ ಸಸ್ಯೋದ್ಯಾನ. ಅಲಂಕಾರಕ್ಕೆ ಬಂದ ಆ ಗಿಡ ಇವತ್ತು ದೇಶದ ಕಾಡುಗಳಲ್ಲಿ 1.5 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಆವರಿಸಿದೆ. ಹಳದಿ ಹೂವಿಗೆ ಮರುಳಾಗಿ ಬೆಳೆಸಿದ ಸೆನ್ನಾ ಸ್ಪೆಕ್ಟಾಬಿಲಿಸ್ ಈಗ ಬಂಡೀಪುರ, ನಾಗರಹೊಳೆಗಳಲ್ಲಿ ಹುಲ್ಲನ್ನೂ ಹುಟ್ಟಗೊಡದೆ ಹಬ್ಬುತ್ತಿದೆ. ಕೆರೆಗಳನ್ನು ಉಸಿರುಗಟ್ಟಿಸಿರುವ ಅಂತರಗಂಗೆಯೂ ಅದರ ನೇರಳೆ ಹೂವಿನ ಚಂದಕ್ಕೇ ಬಂದದ್ದು. ಇವುಗಳ ಖರ್ಚಿನ ಬಿಲ್ಲು ಯಾವ ಉದ್ಯಾನಕ್ಕೂ ಹೋಗಲಿಲ್ಲ. ಹುಲ್ಲಿಲ್ಲದೆ ಊರಿಗೆ ನುಗ್ಗುವ ಕಾಡುಪ್ರಾಣಿಗಳ ಮೂಲಕ, ಬೆಳೆ ಕಳೆದುಕೊಂಡವರ ಮನೆಬಾಗಿಲಿಗೆ ಹೋಯಿತು.

ನಾನು ಗಿಡಗಳ ಜಾತಕ ನೋಡುವವನಲ್ಲ. ಮೆಣಸಿನಕಾಯಿ ಅಮೆರಿಕದ್ದು, ಮುದ್ದೆಯ ರಾಗಿಯೇ ಆಫ್ರಿಕದಿಂದ ಬಂದದ್ದು. ನನ್ನ ಪ್ರಶ್ನೆ ಒಂದೇ: ಇದು ಇಲ್ಲಿ ಯಾರಿಗೆ ಅನ್ನ ಹಾಕುತ್ತದೆ? ಆಲ, ಅತ್ತಿ, ಬಸರಿ, ಗೋಣಿ ಇವುಗಳಲ್ಲಿ ಒಂದೊಂದಕ್ಕೂ ಅದರದೇ ಕಣಜವಿದೆ. ಕಾಯಿಯ ಒಳಗೆ ಹೊಕ್ಕು ಪರಾಗ ತಲುಪಿಸುವುದು ಅದೇ. ಒಂದು ಮರ ಹಣ್ಣು ಮುಗಿಸುವ ಹೊತ್ತಿಗೆ ಇನ್ನೊಂದು ಹಣ್ಣು ಬಿಡುವುದರಿಂದ ಕುಟುರಕ್ಕೂ ಮಂಗಟ್ಟೆಗೂ ಬಾವಲಿಗೂ ವರ್ಷಪೂರ್ತಿ ಊಟ. ಈ ಲೆಕ್ಕ ತಿಳಿಸಬೇಕಾದ ಜಾಗ ಸಸ್ಯೋದ್ಯಾನ. ಅಲ್ಲಿ ಕಾಂಕ್ರೀಟಿನ ಜಿಂಕೆ ನಿಲ್ಲಿಸಿ, ಅಣಬೆಯಾಕಾರದ ಕೊಡೆ ಕಟ್ಟಿ, ಮಕ್ಕಳಿಗೆ ಜಾರುಬಂಡೆ ಹಾಕಿ ವೃಕ್ಷೋದ್ಯಾನ ಎಂದು ಬೋರ್ಡು ಬರೆಸಿದರೆ ಕೆಲಸ ಮುಗಿಯಿತೇ?

ಮರಗಿಡ ಪರಿಚಯಿಸುವ ನಡಿಗೆಗಳು ನಡೆಯುತ್ತಿವೆಯಲ್ಲ ಎನ್ನಬಹುದು. ಹೌದು, ಬೆಂಗಳೂರಿನಲ್ಲಿ ನಡೆಯುತ್ತವೆ. ಭಾನುವಾರ ಬೆಳಗ್ಗೆ, ಮೊದಲೇ ಹೆಸರು ನೋಂದಾಯಿಸಿ, ಹಣ ಕಟ್ಟಿ, ಹೆಚ್ಚಿನಂಶ ಇಂಗ್ಲಿಷಿನಲ್ಲಿ. ನಡೆಸುವವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. 2014ರಲ್ಲಿ ಶುರುವಾದ 'ನೆರಳು' ಮರಗಳ ಹಬ್ಬವನ್ನು ಊರಿನವರೇ ಸ್ವಂತ ಉತ್ಸಾಹದಿಂದ ಕಟ್ಟಿದರು. ನನ್ನ ಆರೋಪ ಅವರ ಮೇಲಲ್ಲ. ಖಾಸಗಿ ಉತ್ಸಾಹಿಗಳು ಮಾಡಲಿ ಬಿಡಿ ಎಂದು ಕೈಕಟ್ಟಿ ಕೂತ ಸಾರ್ವಜನಿಕ ಸಂಸ್ಥೆಗಳ ಮೇಲೆ. ನಗರ ಬಸ್ಸು ಹತ್ತಿ ಬರುವ ಸರ್ಕಾರಿ ಶಾಲೆಯ ಮಗುವಿಗೆ ಆ ಭಾನುವಾರದ ಗುಂಪಿನಲ್ಲಿ ಜಾಗ ಎಲ್ಲಿದೆ? ಗೇಟಿನ ಬಳಿ ಸೊಪ್ಪು ಮಾರುವ ಅಜ್ಜಿಗೆ? ಕಲಬುರಗಿಯ, ಕೊಪ್ಪಳದ, ಚಾಮರಾಜನಗರದ ಮಂದಿಗೆ ಆ ಭಾನುವಾರವೂ ಇಲ್ಲ.

ಸ್ವಯಂಸೇವೆಯ ಗತಿ ಇನ್ನೂ ನಗೆಪಾಟಲು. ನಮ್ಮಲ್ಲಿ ಸ್ವಯಂಸೇವಕ ಎಂದರೆ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಪ್ಲಾಸ್ಟಿಕ್ ಬಾಟಲಿ ಹೆಕ್ಕುವವನು, ಪ್ರದರ್ಶನದ ದಿನ ಹಗ್ಗ ಹಿಡಿದು ಜನರನ್ನು ತಡೆಯುವವನು. ಕಂಪನಿಯವರು ಅರ್ಧ ದಿನ ರಜೆ ಕೊಟ್ಟು ಕಳಿಸುತ್ತಾರೆ, ಬ್ಯಾನರ್ ಹಿಡಿಸುತ್ತಾರೆ, ಮಧ್ಯಾಹ್ನಕ್ಕೆ ಬಸ್ಸು ಹೊರಡುತ್ತದೆ. ಬಿಟ್ಟಿ ದುಡಿಮೆ ಬೇಕು. ಆ ದುಡಿಯುವವನಿಗೆ ವಿದ್ಯೆ ಕೊಡುವುದು ಬೇಡ, ಏನು ನೆಡಬೇಕೆಂಬ ಮಾತಿನಲ್ಲಿ ಪಾಲಂತೂ ಬೇಡವೇ ಬೇಡ.

ಬೇರೆ ಕಡೆ ಹೇಗೆ ನಡೆಯುತ್ತದೆ? ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯದ ರಾಷ್ಟ್ರೀಯ ಸಸ್ಯೋದ್ಯಾನ 1970ರಲ್ಲಿ ವಿಧ್ಯುಕ್ತವಾಗಿ ಜನರಿಗೆ ತೆರೆಯಿತು. ಅಲ್ಲಿ ಬೆಳೆಸುವುದು ಆ ದೇಶದ ಗಿಡಗಳನ್ನೇ. ನಾವು ಕೋಲಾರದ ಹೊಲಗಳಲ್ಲಿ ಸಾಲುಸಾಲಾಗಿ ನೆಟ್ಟು ಕೈಸುಟ್ಟುಕೊಂಡ ನೀಲಗಿರಿಗೆ ಅದು ತವರು. 1990ರಲ್ಲಿ ಊರಿನವರು ಸೇರಿ ಆ ತೋಟಕ್ಕೊಂದು ಸ್ನೇಹಿತರ ಬಳಗ ಕಟ್ಟಿಕೊಂಡರು. ತರಬೇತಿ ಪಡೆದ ಸ್ವಯಂಸೇವಕರು ಬಂದವರನ್ನು ಪುಕ್ಕಟೆಯಾಗಿ ತೋಟ ಸುತ್ತಿಸುತ್ತಾರೆ. ಗುರುವಾರ ಮಧ್ಯಾಹ್ನ ಯಾರಾದರೊಬ್ಬರು ಬಂದು ಗಿಡ, ಹಕ್ಕಿ, ಹುಳು, ಮಣ್ಣು ಏನಾದರೊಂದರ ಬಗ್ಗೆ ಮಾತಾಡುತ್ತಾರೆ. ಇನ್ನೊಂದು ಗುಂಪು ತೋಟದ ಗಿಡಗಳಿಂದಲೇ ಸಸಿ ಮಾಡಿ ಮಾರುತ್ತದೆ; ಕೊಂಡವರ ಹಿತ್ತಿಲಲ್ಲಿ ತೋಟ ಮುಂದುವರಿಯುತ್ತದೆ.

ಅದೇ ದೇಶದ ಕ್ವೀನ್ಸ್‌ಲ್ಯಾಂಡಿನ ಇನ್ನೊಂದು ಸಂಗತಿಯನ್ನು ನಮ್ಮ ತೋಟಗಾರಿಕೆಯವರು ಗೋಡೆಗೆ ಬರೆದು ಹಾಕಿಕೊಳ್ಳಬೇಕು. ಅಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಎಂಬ ದೊಡ್ಡ ಚಿಟ್ಟೆ ಅಳಿಯುತ್ತ ಬಂದಿತ್ತು. ಮಳೆಕಾಡು ಕಡಿದದ್ದು ಒಂದು ಕಾರಣ. ಇನ್ನೊಂದು, ಮನೆಮನೆಯ ಬೇಲಿಗೆ ಅಂದಕ್ಕೆ ಹಬ್ಬಿಸಿದ ದಕ್ಷಿಣ ಅಮೆರಿಕದ ಬಳ್ಳಿ. ಚಿಟ್ಟೆ ಅದನ್ನು ತನ್ನ ಬಳ್ಳಿಯೆಂದೇ ನಂಬಿ ಮೊಟ್ಟೆ ಇಡುತ್ತಿತ್ತು. ಮರಿಗಳು ಎಲೆ ತಿಂದು ಸಾಯುತ್ತಿದ್ದವು. 1990ರ ದಶಕದಲ್ಲಿ ವಿಜ್ಞಾನಿಗಳು ಸಮಿತಿ ಮಾಡಿ ಸುಮ್ಮನಾಗಲಿಲ್ಲ. ಶಾಲೆಗಳಿಗೆ ಹೋದರು, ಮಕ್ಕಳ ಕೈಗೆ ಸ್ಥಳೀಯ ಬಳ್ಳಿಯ ಸಸಿ ಕೊಟ್ಟರು, ಊರವರಿಗೆ ಎರಡು ಬಳ್ಳಿಯ ಎಲೆಗಳ ವ್ಯತ್ಯಾಸ ಕಲಿಸಿದರು. ನಮ್ಮ ರಾಜ್ಯದ ಚಿಟ್ಟೆಯೂ ಬರ್ಡ್‌ವಿಂಗೇ, ಅದರ ಮರಿಗೂ ಈಶ್ವರಿ ಬಳ್ಳಿಯ ಬಳಗವೇ ಆಹಾರ. ರಾಜ್ಯ ಚಿಟ್ಟೆಯೆಂದು ಘೋಷಿಸುವುದು ಸುಲಭ. ಅದು ತಿನ್ನುವ ಬಳ್ಳಿಯನ್ನು ಎಷ್ಟು ಶಾಲೆಯ ಮಕ್ಕಳಿಗೆ ತೋರಿಸಿದ್ದೇವೆ?

ಅದು ಶ್ರೀಮಂತ ದೇಶ, ನಮಗೆ ಹೋಲಿಕೆ ಸಲ್ಲದು ಎನ್ನುವವರಿಗೆ ಜೋಧಪುರವಿದೆ. ಮೆಹ್ರಾನ್‌ಗಢ ಕೋಟೆಯ ಪಕ್ಕದ ಸುಮಾರು 70 ಹೆಕ್ಟೇರ್ ಕಲ್ಲುಗುಡ್ಡವನ್ನು ನಮ್ಮ ಬಳ್ಳಾರಿ ಜಾಲಿಯೇ ಆಕ್ರಮಿಸಿತ್ತು. 2006ರಲ್ಲಿ ಪ್ರದೀಪ್ ಕೃಷೆನ್ ಅಲ್ಲಿ ಮರುಭೂಮಿಯ ಗಿಡಗಳನ್ನು ಮರಳಿ ತರಲು ಹೊರಟಾಗ ಜಾಲಿಯ ಬೇರು ಬಂಡೆಯ ಸೀಳಿನೊಳಗೆ ಇಳಿದಿತ್ತು, ಯಂತ್ರಕ್ಕೂ ಬಗ್ಗಲಿಲ್ಲ. ಕೊನೆಗೆ ಬಗ್ಗಿದ್ದು ಕಲ್ಲುಗಣಿಯ ಕಸುಬಿನ ಖಾಂಡ್ವಾಲಿಯರ ಉಳಿ, ಸುತ್ತಿಗೆಗೆ. ಬಂಡೆಯನ್ನು ತಟ್ಟಿ, ಸದ್ದು ಕೇಳಿ, ಎಲ್ಲಿ ಒಡೆದರೆ ಬೇರು ಸಿಗುತ್ತದೆಂದು ಹೇಳಬಲ್ಲವರು ಅವರು. ಇಂದು ಅಲ್ಲಿ ಬಂದವರಿಗೆ ಗಿಡ ಪರಿಚಯಿಸುವ ನಡಿಗೆಗಳಿವೆ. ನಮಗೂ ಬಂಡೆಯಿದೆ, ಜಾಲಿಯಿದೆ, ಕಲ್ಲುಕುಟಿಗರಿದ್ದಾರೆ. ಇಲ್ಲದ್ದು ಮನಸ್ಸು.

ಅಷ್ಟು ದೂರವಾದರೂ ಯಾಕೆ? ಹಾನಗಲ್ ತಾಲ್ಲೂಕಿನ ಕುಸನೂರಿಗೆ ಬನ್ನಿ. ಹಳ್ಳಿಗರ ಸುಮಾರು 75,000 ಎಕರೆ ಗೋಮಾಳ, ಕುರುಚಲು ಕಾಡನ್ನು ಕಾಗದದ ತಿರುಳಿಗಾಗಿ ನೀಲಗಿರಿ ಬೆಳೆಸುವ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಬಿಟ್ಟುಕೊಡಲು ಸರ್ಕಾರ ಹೊರಟಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು ಸಮಾಜ ಪರಿವರ್ತನ ಸಮುದಾಯದ ಕರೆಗೆ ಓಗೊಟ್ಟ ಹಳ್ಳಿಗರು 'ಕಿತ್ತಿಕೊ ಹಚ್ಚಿಕೊ' ಎಂದು ನೀಲಗಿರಿ ಕಿತ್ತು, ತಮಗೆ ಬೇಕಾದ ಸಸಿಗಳನ್ನು ಅದೇ ನೆಲದಲ್ಲಿ ಹಚ್ಚಿದರು. ಯೋಜನೆ ಕೊನೆಗೆ ಬಿದ್ದುಹೋಯಿತು. ಸ್ಥಳೀಯ ಗಿಡದ ವಿಚಾರದಲ್ಲಿ ಸ್ವಯಂಸೇವೆ ಎಂದರೇನೆಂದು ಕ್ಯಾನ್‌ಬೆರಾದ ಬಳಗ ಹುಟ್ಟುವ ಮುನ್ನವೇ ತೋರಿಸಿಕೊಟ್ಟ ರೈತರು ಇವರು. ಇವರ ಮಕ್ಕಳಿಗೆ ಈಗ ಉದ್ಯಾನದಲ್ಲಿ ಕೊಡುವ ಕೆಲಸ, ಬಾಟಲಿ ಹೆಕ್ಕುವುದು.

ಬಲ್ಲವರನ್ನು ನಾವು ನಡೆಸಿಕೊಳ್ಳುವ ರೀತಿಗೆ ತುಳಸಿ ಗೌಡರೇ ಸಾಕ್ಷಿ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಈ ಹಾಲಕ್ಕಿ ಹೆಣ್ಣುಮಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಗೆ ದುಡಿದರು. ಬೀಜಕ್ಕೆ ಯಾವ ತಾಯಿಮರ ಒಳ್ಳೆಯದು, ಯಾವಾಗ ಬೀಜ ಎತ್ತಬೇಕು ಎಂಬುದನ್ನು ಕಾಡಿನಲ್ಲಿ ನಿಂತು ಹೇಳಬಲ್ಲವರಾಗಿದ್ದರು. 2021ರಲ್ಲಿ ಬರಿಗಾಲಲ್ಲಿ ನಡೆದು ಪದ್ಮಶ್ರೀ ಸ್ವೀಕರಿಸಿದರು. ಆ ಚಿತ್ರವನ್ನು ನಾವೆಲ್ಲ ಹಂಚಿಕೊಂಡು ಧನ್ಯರಾದೆವು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಸನ್ಮಾನಗಳು ಎಷ್ಟಾದವೋ. ಅವರ ಬಳಿ ಕೂತು ಬೀಜದ ವಿದ್ಯೆ ಕಲಿಯಲಿ ಎಂದು ಸರ್ಕಾರಿ ಉದ್ಯಾನವೊಂದು ಹತ್ತು ಹುಡುಗ ಹುಡುಗಿಯರನ್ನು ವರ್ಷವಿಡೀ ಕಳಿಸಬೇಕಿತ್ತಲ್ಲವೇ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕಾಡಿನ ತರಗೆಲೆ ಸುಡುವ ತರಗು ಬೆಂಕಿಯನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಮಿತಿಮೀರಿತು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಪರಾವಲಂಬಿ ಗಿಡ ಹತ್ತಿತು ಎಂದು ಹೇಳುತ್ತಲೇ ಬಂದಿದ್ದಾರೆ. ಅವರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಯಾವ ಸಸ್ಯೋದ್ಯಾನದ ವೇದಿಕೆಯಲ್ಲಿ ಕುರ್ಚಿ ಸಿಕ್ಕಿತು?

ಹಾಗಾಗಿ ಬೇಡಿಕೆಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಲಾಲ್‌ಬಾಗಿನ ಬಂಡೆಯ ತಪ್ಪಲಲ್ಲಿ ಹತ್ತು ಎಕರೆಯನ್ನು ಈ ಬಯಲುಸೀಮೆಯ ಗಿಡಗಳಿಗೇ ಬಿಡಿ: ತುಗ್ಗಲಿ, ಕವಳಿ, ಕಾರೆ, ಬಿಕ್ಕೆ, ತಂಗಡಿ, ಎಲಚಿ, ದಿಂಡಿಗ, ಅವುಗಳ ನಡುವಿನ ಹುಲ್ಲು ಕೂಡ. ಬೇಸಿಗೆಯಲ್ಲಿ ಅದು ಒಣಗಿ ಬೋಳಾಗಲಿ. ಬೋಳಾಗುವುದು ಯಾಕೆಂದು ಬಂದವರಿಗೆ ಹೇಳಿ. ಎಲ್ಲ ಜಿಲ್ಲೆಗಳಲ್ಲೂ ಆಯಾ ಸೀಮೆಯ ಗಿಡಗಳ ತೋಟವಾಗಲಿ, ಕರಾವಳಿಯ ಪಟ್ಟಿಯನ್ನು ರಾಯಚೂರಿಗೆ ನಕಲು ಮಾಡಬೇಡಿ. ವಾರಕ್ಕೊಂದು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ಕನ್ನಡದಲ್ಲಿ ಉಚಿತ ನಡಿಗೆ ಇರಲಿ. ಮುಂದೆ ನಡೆಯುವವರು ಮಾಲಿಯಾಗಿರಲಿ, ಸೊಪ್ಪಿನ ಅಜ್ಜಿಯಾಗಿರಲಿ, ನಾಟಿ ವೈದ್ಯರಾಗಿರಲಿ, ಪ್ರೊಫೆಸರರೂ ಆಗಿರಲಿ. ಎಲ್ಲರಿಗೂ ಒಂದೇ ಗೌರವಧನ ಕೊಡಿ. ಸ್ವಯಂಸೇವಕರಿಗೆ ವರ್ಷದ ತರಬೇತಿ ಕೊಟ್ಟು ನರ್ಸರಿಯ ಬೀಗದ ಕೈ ಒಪ್ಪಿಸಿ. ಬೀಜ ಸಂಗ್ರಹ, ಯಾವ ಮರ ಯಾವಾಗ ಚಿಗುರಿತು, ಹೂಬಿಟ್ಟಿತು ಎಂಬ ದಾಖಲೆ, ಕಳೆಗಿಡ ಕೀಳುವುದು ಅವರ ಹೊಣೆಯಾಗಲಿ. ಏನು ನೆಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಅವರಿಗೆ ಮತ ಇರಲಿ. ದುಡ್ಡೆಲ್ಲಿದೆ ಎನ್ನಬೇಡಿ, ವರ್ಷದ ಎರಡು ಫಲಪುಷ್ಪ ಪ್ರದರ್ಶನಗಳಲ್ಲಿ ಒಂದನ್ನು ನಿಲ್ಲಿಸಿ, ಅದರ ಹಣ ಇದಕ್ಕೆ ಹಾಕಿ.

ನಾಗರಿಕರಿಗೂ ಒಂದು ಮಾತು. ಮುಂದಿನ ಜೂನ್‌ನಲ್ಲಿ ಸಸಿ ಹಿಡಿದು ನಿಲ್ಲಲು ಕರೆದರೆ ಹೋಗಬೇಡಿ. ಬದಲು ನಿಮ್ಮ ಊರಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಹತ್ತು ಮಂದಿ ಸೇರಿ ಹೋಗಿ, ಉದ್ಯಾನದ ಗಿಡಗಳ ಪಟ್ಟಿ ಕೇಳಿ, ಅದರಲ್ಲಿ ಈ ಜಿಲ್ಲೆಯವು ಎಷ್ಟೆಂದು ಕೇಳಿ, ವಾರದ ನಡಿಗೆಗೆ ದಿನ ಗೊತ್ತುಮಾಡಿಸಿಕೊಳ್ಳದೆ ಎದ್ದು ಬರಬೇಡಿ. ಜನರಿಗೆ ಆಸಕ್ತಿಯಿಲ್ಲ ಎನ್ನುವ ಅಧಿಕಾರಿ ಒಂದೇ ಒಂದು ವರ್ಷ ಗೇಟು ತೆರೆದು ಇದನ್ನು ನಡೆಸಲಿ, ಆಮೇಲೆ ಹಾಜರಿ ಪುಸ್ತಕ ತಂದು ನಮ್ಮ ಮುಂದಿಟ್ಟು ಮಾತಾಡಲಿ.